ಬಾಸ್ ಸತ್ತರೂ ಗೋಲ್ಡ್ ಯಾಕೆ ಕಮ್ಮಿ? ಆನ್‌ಲೈನ್ ಆಟಗಳ ರಿಪೇರಿ ಲೆಕ್ಕ

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳ ಸುತ್ತಮುತ್ತಲಿನ ಪಿ.ಜಿ. ರೂಮುಗಳಲ್ಲಿ ರಾತ್ರಿ ಹನ್ನೊಂದರ ಮೇಲೆ ಈ ಮಾತು ಆಗಾಗ ಕೇಳುತ್ತದೆ: “ಲೇ, ಬಾಸ್ ಹೊಡೆದ್ವಿ, ಲೂಟ್ ಬಂತು, ಆದ್ರೂ ಗೋಲ್ಡ್ ಸಂಜಿಗಿಂತ ಕಮ್ಮಿ ಆಗೇತಲ್ಲ, ಇದೆಂಥ ಲೆಕ್ಕ?” ಬಾಸ್ ಅಂದರೆ ಆಟದ ದೊಡ್ಡ ರಾಕ್ಷಸ, ಲೂಟ್ ಅಂದರೆ ಅದನ್ನು ಕೊಂದಾಗ ಸಿಗುವ ಸಾಮಾನು, ಗೋಲ್ಡ್ ಅಂದರೆ ಆಟದೊಳಗಿನ ಹಣ. ನಾನು ಕಾಮರ್ಸ್ ಟ್ಯೂಷನ್ ಹೇಳುವವನು. ಲೆಕ್ಕ ಅಂದಮೇಲೆ ಹುಡುಗರು ನನ್ನ ಹತ್ತಿರ ತರುತ್ತಾರೆ. ಜಿಎಸ್‌ಟಿ ಪಾಠದ ನಡುವೆ ಡ್ರ್ಯಾಗನ್ ಬಂದು ಕೂತದ್ದೂ ಉಂಟು.

ಗೋಲ್ಡ್ ಎಲ್ಲಿ ಹೋಯಿತು ಅಂದರೆ ಉತ್ತರ ಸುಲಭ, ಗೇರ್ ರಿಪೇರಿಗೆ, ಅಂದರೆ ತೊಟ್ಟ ಕತ್ತಿ-ಕವಚಗಳ ರಿಪೇರಿಗೆ ಹೋಯಿತು. ಆದರೆ ಆಟದೊಳಗಿನ ಕತ್ತಿ, ಕವಚ ಎಲ್ಲ ಇರುವುದು ಸರ್ವರಿನ ಯಾವುದೋ ಡೇಟಾಬೇಸಿನ ಸಾಲಾಗಿ. ಅದಕ್ಕೆ ತುಕ್ಕು ಹಿಡಿಯುವುದಿಲ್ಲ, ಅಂಚು ಮೊಂಡಾಗುವುದಿಲ್ಲ. ಸವೆಯಲಿ ಅಂತ ಯಾರೋ ಕೂತು ಕೋಡ್ ಬರೆದಿದ್ದಾರೆ. ಯಾಕೆ ಬರೆದರು, ಖರ್ಚು ಯಾರ ತಲೆಗೆ ಬೀಳುತ್ತದೆ ಅಂತ ಬಿಡಿಸಿ ನೋಡಿದರೆ ಇದನ್ನು ರಿಪೇರಿ ಅನ್ನುವುದಕ್ಕಿಂತ ತೆರಿಗೆ ಅನ್ನುವುದೇ ಸರಿ. ತೆರಿಗೆ ಅಂದಮೇಲೆ ಕೇಳಬೇಕಾದ ಪ್ರಶ್ನೆಗಳೂ ಅವೇ: ಎಷ್ಟು, ಯಾರಿಂದ, ತಪ್ಪಿಸಿಕೊಳ್ಳುವವರು ಯಾರು.

ಒಂದು ಸಾವಿಗೆ ಎಷ್ಟು?

2004ರ ನವೆಂಬರಿನಲ್ಲಿ ಶುರುವಾದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಪದ್ಧತಿಯನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ. ಆಮೇಲೆ ಬಂದ ಬಹಳಷ್ಟು ಆಟಗಳು ಇದನ್ನೇ ಅಷ್ಟಿಷ್ಟು ತಿದ್ದಿಕೊಂಡಿವೆ. ಅಲ್ಲಿ ಪ್ರತಿ ಕವಚ, ಹೆಲ್ಮೆಟ್, ಕತ್ತಿಗೂ ಒಂದು ಬಾಳಿಕೆಯ ಅಂಕಿ ಇರುತ್ತದೆ. ಹೊಡೆದಾಟ ನಡೆಯುತ್ತಿದ್ದಂತೆ ಅದು ತಟಕು ತಟಕಾಗಿ ಇಳಿಯುತ್ತದೆ. ಇದು ದೊಡ್ಡ ಖರ್ಚಲ್ಲ. ದೊಡ್ಡ ಪೆಟ್ಟು ಬೀಳುವುದು ಸತ್ತಾಗ: ಮೈಮೇಲಿನ ಪ್ರತಿ ಗೇರಿನ ಬಾಳಿಕೆಯಲ್ಲಿ ಶೇ. 10 ಒಂದೇ ಸಲಕ್ಕೆ ಹೋಗುತ್ತದೆ. ಸತ್ತವನು ದೆವ್ವವಾಗಿ ಸ್ಮಶಾನದಿಂದ ಹೆಣದ ತನಕ ಓಡಿ ಬಂದು ಎದ್ದರೆ ನಷ್ಟ ಅಷ್ಟಕ್ಕೇ ನಿಲ್ಲುತ್ತದೆ. ಓಡಲು ಬೇಜಾರಾಗಿ ಸ್ಮಶಾನದಲ್ಲೇ ನಿಂತಿರುವ ಸ್ಪಿರಿಟ್ ಹೀಲರ್ ಕೈಯಲ್ಲಿ ಎಬ್ಬಿಸಿಕೊಂಡರೆ ಮೇಲೆ ಇನ್ನೂ ಶೇ. 25 ದಂಡ. ಈ ದಂಡ ಮೈಮೇಲಿನದಕ್ಕೆ ಮಾತ್ರವಲ್ಲ, ಚೀಲದಲ್ಲಿ ಇಟ್ಟುಕೊಂಡ ಗೇರಿಗೂ ಬೀಳುತ್ತದೆ. ಸಾಲದ್ದಕ್ಕೆ ಹತ್ತು ನಿಮಿಷ ಮೈಯಲ್ಲಿ ಶಕ್ತಿಯೇ ಇಲ್ಲದ ಕಾಯಿಲೆ ಬೇರೆ.

ಹಾಗಾಗಿ ಓಡಿ ಬರುವವನ ಗೇರ್ ಹತ್ತು ಸಾವಿಗೆ ಸೊನ್ನೆ ಮುಟ್ಟಿದರೆ, ಹೀಲರ್ ಹತ್ತಿರ ಹೋಗುವವನದ್ದು ಮೂರನೇ ಸಾವಿಗೇ ಮುಟ್ಟುತ್ತದೆ. ಸೊನ್ನೆ ಮುಟ್ಟಿದ ಗೇರ್ ಮಾಯವಾಗುವುದಿಲ್ಲ. ಮೈಮೇಲೆ ಇರುತ್ತದೆ, ಆದರೆ ಅದರಿಂದ ಸಿಗುತ್ತಿದ್ದ ಬಲ ಸಿಗುವುದಿಲ್ಲ. ರಿಪೇರಿ ಮಾಡಿಸಿದ ಕೂಡಲೇ ಮೊದಲಿನಂತೆ ಆಗುತ್ತದೆ. ಉಂಗುರ, ಸರ, ಮೇಲುಹೊದಿಕೆ ಇವಕ್ಕೆ ಬಾಳಿಕೆಯ ಅಂಕಿಯೇ ಇಲ್ಲ, ಆದ್ದರಿಂದ ಅವಕ್ಕೆ ಖರ್ಚೂ ಇಲ್ಲ. ಇನ್ನೊಬ್ಬ ಆಟಗಾರನ ಕೈಯಲ್ಲಿ ಸತ್ತರೂ ಬಾಳಿಕೆ ಕಡಿಮೆಯಾಗುವುದಿಲ್ಲ. ಈ ವಿನಾಯಿತಿಯನ್ನು ನೆನಪಿಡಿ. ನಿಜಕ್ಕೂ ಸವೆತವೇ ಕಾರಣವಾಗಿದ್ದರೆ ಯಾರ ಕತ್ತಿಯ ಪೆಟ್ಟಾದರೂ ಕವಚ ಸವೆಯಬೇಕಿತ್ತು. ಆಟಗಾರರು ತಮ್ಮತಮ್ಮಲ್ಲಿ ಹೊಡೆದಾಡಲು ಹಿಂಜರಿಯದಿರಲಿ ಅಂತ ಅಲ್ಲಿ ತೆರಿಗೆ ಮನ್ನಾ ಮಾಡಿದ್ದಾರೆ, ಅಷ್ಟೆ.

ರಿಪೇರಿ ದರ ಎರಡು ಮೂರು ವಿಷಯದ ಮೇಲೆ ನಿಲ್ಲುತ್ತದೆ. ಗೇರಿನ ಮಟ್ಟ ಏರಿದಷ್ಟೂ ದರ ಏರುತ್ತದೆ. ಗೇರಿನ ಹೆಸರಿನ ಬಣ್ಣ ಅದರ ದರ್ಜೆ ಹೇಳುತ್ತದೆ: ಹಸಿರು ಹೆಸರಿನ ಸಾಧಾರಣ ಗೇರಿಗಿಂತ ನೀಲಿಯದ್ದಕ್ಕೆ ಜಾಸ್ತಿ, ನೇರಳೆಯದ್ದಕ್ಕೆ ಇನ್ನೂ ಜಾಸ್ತಿ. ಬಟ್ಟೆಯ ನಿಲುವಂಗಿಗಿಂತ ತಗಡಿನ ಕವಚಕ್ಕೆ ಜಾಸ್ತಿ.

ಈಗ ಆ ಹುಡುಗರ ಲೆಕ್ಕಕ್ಕೆ ಬರೋಣ. ಒಬ್ಬನ ಇಡೀ ಸೆಟ್ಟನ್ನು ಸೊನ್ನೆಯಿಂದ ಪೂರ್ತಿ ರಿಪೇರಿ ಮಾಡಿಸಲು 60 ಗೋಲ್ಡ್ ಆಗುತ್ತದೆ ಅಂತ ಲೆಕ್ಕಕ್ಕಾಗಿ ಹಿಡಿಯೋಣ. ಬಾಸ್ ಬೀಳುವ ಮುಂಚೆ ಇಡೀ ತಂಡ ನಾಲ್ಕು ಸಲ ನೆಲ ಕಚ್ಚಿತು. ನಾಲ್ಕು ಸಲವೂ ಓಡಿ ಬಂದವನಿಗೆ ಶೇ. 40 ಸವೆತ, ಅಂದರೆ 24 ಗೋಲ್ಡ್. ನಾಲ್ಕರಲ್ಲಿ ಎರಡು ಸಲ ಹೀಲರ್ ಹತ್ತಿರ ಎದ್ದವನಿಗೆ ಶೇ. 90, ಅಂದರೆ 54 ಗೋಲ್ಡ್. ಬಾಸ್ ಸತ್ತಾಗ ತಲಾ 15 ಗೋಲ್ಡ್ ಬಂತು ಅನ್ನಿ. ಮೊದಲನೆಯವನಿಗೆ 9, ಎರಡನೆಯವನಿಗೆ 39 ಗೋಲ್ಡ್ ಕೈಬಿಟ್ಟಿತು. ಗೆದ್ದವರು ಇಬ್ಬರೂ.

ನಮ್ಮ ಕಡೆಯವರಿಗೆ ಇದರ ಮೇಲೆ ಇನ್ನೊಂದು ಸೆಸ್ ಇದೆ. ಈ ಆಟಕ್ಕೆ ಭಾರತದಲ್ಲಿ ಸರ್ವರ್ ಇಲ್ಲ, ಹೊರದೇಶದ ಸರ್ವರಿಗೆ ಹೋಗಿ ಬರುವಷ್ಟರಲ್ಲಿ ಬಾಸ್ ಉಗುಳಿದ ಬೆಂಕಿ ಪರದೆಯ ಮೇಲೆ ತಡವಾಗಿ ಕಾಣುತ್ತದೆ. ಪಕ್ಕಕ್ಕೆ ಸರಿದೆ ಅಂತ ನೀವು ಅಂದುಕೊಂಡಿರುತ್ತೀರಿ, ಸರ್ವರ್ ಲೆಕ್ಕದಲ್ಲಿ ಬೆಂಕಿಯಲ್ಲೇ ನಿಂತಿರುತ್ತೀರಿ. ಏಪ್ರಿಲ್ ತಿಂಗಳಲ್ಲಿ ರೇಡ್ (ಇಡೀ ತಂಡ ಸೇರಿ ಬಾಸ್ ಮೇಲೆ ಬೀಳುವ ದಾಳಿ) ನಡುವೆ ಕರೆಂಟ್ ಹೋದರಂತೂ ಕೇಳುವುದೇ ಬೇಡ. ನೀವು ಕತ್ತಲಲ್ಲಿ ಮೇಣದಬತ್ತಿ ಹುಡುಕುತ್ತಿರುವಾಗ ಅಲ್ಲಿ ನಿಮ್ಮ ಪಾತ್ರ ಕೈಕಟ್ಟಿ ನಿಂತು ಸಾಯುತ್ತಿರುತ್ತದೆ.

ಕಮ್ಮಾರನ ಕೈಗೆ ಕೊಟ್ಟ ದುಡ್ಡು ಎಲ್ಲಿ ಹೋಗುತ್ತದೆ?

ಎಲ್ಲಿಗೂ ಇಲ್ಲ. ಊರ ಬಾಗಿಲಲ್ಲಿ ನಿಂತಿರುವ ಕಮ್ಮಾರ ಆಟದ ಯಂತ್ರವೇ ನಡೆಸುವ ಗೊಂಬೆ. ನೀವು ಕೊಟ್ಟ 24 ಗೋಲ್ಡಿನಲ್ಲಿ ಅವನು ಕಬ್ಬಿಣ ತರುವುದಿಲ್ಲ, ಮನೆಗೆ ಅಕ್ಕಿ ಒಯ್ಯುವುದಿಲ್ಲ. ಆ ದುಡ್ಡು ಆಟದಿಂದಲೇ ಅಳಿಸಿ ಹೋಗುತ್ತದೆ. ಅದು ಅಳಿಸಿ ಹೋಗಲಿ ಅನ್ನುವುದೇ ಕಮ್ಮಾರನನ್ನು ಅಲ್ಲಿ ನಿಲ್ಲಿಸಿದ ಉದ್ದೇಶ.

ಚನ್ನಗಿರಿ ತಾಲೂಕಿನ ಸೂಳೆಕೆರೆಯನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಹರಿದ್ರಾ ಹಳ್ಳದ ನೀರು ಒಳಗೆ ಬರುತ್ತಲೇ ಇರುತ್ತದೆ. ತೂಬು ಎತ್ತಿ ನಾಲೆಗೆ ಬಿಡದಿದ್ದರೆ, ಕೋಡಿ ಹರಿಯದಿದ್ದರೆ ಏರಿಗೇ ಅಪಾಯ. ಆನ್‌ಲೈನ್ ಆಟದ ಹಣವೂ ಹಾಗೆಯೇ. ಆಟದ ಯಂತ್ರ ನಡೆಸುವ ಒಬ್ಬ ಡಕಾಯಿತ ಸತ್ತರೆ ಅವನ ಮೈಯಿಂದ ಬೀಳುವ ತಾಮ್ರದ ಕಾಸು ಯಾರ ಜೇಬಿನಿಂದಲೂ ಬಂದದ್ದಲ್ಲ, ಆ ಕ್ಷಣಕ್ಕೆ ಹುಟ್ಟಿದ್ದು. ನೂರು ತಾಮ್ರಕ್ಕೆ ಒಂದು ಬೆಳ್ಳಿ, ನೂರು ಬೆಳ್ಳಿಗೆ ಒಂದು ಗೋಲ್ಡ್. ಲಕ್ಷಾಂತರ ಜನ ಹಗಲು ರಾತ್ರಿ ಡಕಾಯಿತರನ್ನು ಹೊಡೆಯುತ್ತಿದ್ದರೆ ಹಳ್ಳ ನಿಲ್ಲುವುದೇ ಇಲ್ಲ. ಇದು ರಿಸರ್ವ್ ಬ್ಯಾಂಕೇ ಇಲ್ಲದ ದೇಶ, ಕೋಲು ಹಿಡಿದ ಪ್ರತಿಯೊಬ್ಬನೂ ನೋಟು ಅಚ್ಚು ಹಾಕುವವನೇ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ನಾನು ನಿಮಗೆ 500 ಗೋಲ್ಡಿಗೆ ಕತ್ತಿ ಮಾರಿದರೆ ಹಣ ಕಡಿಮೆಯಾಗುವುದಿಲ್ಲ, ನಿಮ್ಮ ಜೇಬಿನಿಂದ ನನ್ನ ಜೇಬಿಗೆ ಬಂತು, ಅಷ್ಟೆ. ಕೆರೆಯೊಳಗೆ ನೀರು ಈ ದಡದಿಂದ ಆ ದಡಕ್ಕೆ ಅಲೆಯಾಗಿ ಹೋದ ಹಾಗೆ. ಆದರೆ ಆ ಮಾರಾಟ ಹರಾಜು ಕಟ್ಟೆಯ ಮೂಲಕ ನಡೆದು ಕಟ್ಟೆ ಶೇ. 5 ಹಿಡಿದುಕೊಂಡರೆ ಆ 25 ಗೋಲ್ಡ್ ತೂಬಿನಲ್ಲಿ ಹೊರಹೋಯಿತು. ಕುದುರೆ ಕೊಳ್ಳುವುದು, ವಿದ್ಯೆ ಕಲಿಯಲು ಗುರುವಿಗೆ ಕೊಡುವುದು, ಪ್ರಯಾಣದ ದರ, ರಿಪೇರಿ ಎಲ್ಲ ತೂಬುಗಳೇ. ಇವುಗಳಲ್ಲಿ ರಿಪೇರಿಗೆ ಒಂದು ವಿಶೇಷ ಗುಣ ಇದೆ. ಕುದುರೆಯನ್ನು ಒಂದು ಸಲ ಕೊಳ್ಳುತ್ತೀರಿ. ರಿಪೇರಿಯನ್ನು ಆಡುವಷ್ಟು ದಿನವೂ ಮಾಡಿಸುತ್ತೀರಿ. ಗೇರಿನ ಮಟ್ಟ ಏರಿದಂತೆ ದರವೂ ತಾನೇ ಏರುವುದರಿಂದ, ಹೆಚ್ಚು ದುಡಿಯುವವನಿಂದ ಹೆಚ್ಚು ಕೀಳುತ್ತದೆ. ಆಟ ವಿನ್ಯಾಸ ಮಾಡುವವರಿಗೆ ಇದು ಯಾಕಿಷ್ಟು ಪ್ರಿಯ ಅಂತ ಈಗ ಗೊತ್ತಾಗಿರಬಹುದು.

1997ರ ಅಲ್ಟಿಮಾ ಆನ್‌ಲೈನ್ ಮೊದಮೊದಲು ಇದಕ್ಕೆ ಬೇರೆಯೇ ದಾರಿ ಹಿಡಿದಿತ್ತು. ಲೋಕದಲ್ಲಿ ಒಟ್ಟು ಇಷ್ಟೇ ಸಂಪತ್ತು, ಬಳಸಿದ್ದು ಕರಗಿದಾಗ ಮತ್ತೆ ಹುಟ್ಟುತ್ತದೆ, ಹೊಸದಾಗಿ ಏನೂ ಸುರಿಯುವುದಿಲ್ಲ. ಕಾಗದದ ಮೇಲೆ ಸೊಗಸಾದ ಯೋಜನೆ. ಜನ ಮಾಡಿದ್ದೇನು? ಬಟ್ಟೆ, ಕಬ್ಬಿಣ, ಅಂಗಿ, ಕತ್ತಿ ಸಿಕ್ಕಿದ್ದನ್ನೆಲ್ಲ ಮನೆಯಲ್ಲಿ ರಾಶಿ ಹಾಕಿ ಕೂತರು. ಪೆಟ್ಟಿಗೆಯಲ್ಲಿ ಕೂತದ್ದು ಮರಳಿ ಲೋಕಕ್ಕೆ ಬರಲಿಲ್ಲ, ಹೊರಗೆ ಬರ ಬಿತ್ತು. ಕಡೆಗೆ ಆ ಪದ್ಧತಿಯನ್ನು ಕೈಬಿಟ್ಟು ಹಳ್ಳವನ್ನೂ ತೂಬನ್ನೂ ತೆರೆದಿಟ್ಟರು.

ತೂಬು ಕಿರಿದಾದರೆ, ಅಗಲವಾದರೆ

2012ರಲ್ಲಿ ಬಂದ ಡಯಾಬ್ಲೊ 3ರಲ್ಲಿ ಗೋಲ್ಡ್ ಮಳೆಯಂತೆ ಸುರಿಯುತ್ತಿತ್ತು. ಆಟದೊಳಗೇ ಹರಾಜು ಕಟ್ಟೆ, ಅದರಲ್ಲಿ ನಿಜವಾದ ಡಾಲರಿಗೂ ವ್ಯಾಪಾರ. ಕಷ್ಟದ ಹಂತದಲ್ಲಿ ಕೆಲವರು ಒಂದು ಉಪಾಯ ಕಂಡುಕೊಂಡರು: ಸಾಯುವುದು, ಎದ್ದು ಬಂದು ನಾಲ್ಕು ಏಟು ಕೊಡುವುದು, ಮತ್ತೆ ಸಾಯುವುದು. ರಿಪೇರಿ ಅಗ್ಗವಾಗಿದ್ದರಿಂದ ಸಾವಿಗೆ ಬೆಲೆಯೇ ಇರಲಿಲ್ಲ. ಆ ವರ್ಷದ ಜೂನ್‌ನ 1.0.3 ಪ್ಯಾಚ್‌ನಲ್ಲಿ (ಪ್ಯಾಚ್ ಅಂದರೆ ಕಂಪನಿ ಆಟಕ್ಕೆ ಹಾಕುವ ತಿದ್ದುಪಡಿ) ಮೇಲ್ಮಟ್ಟದ ಗೇರಿನ ರಿಪೇರಿ ದರವನ್ನು ಹಲವು ಪಟ್ಟು ಏರಿಸಿದರು. ಒಂದೇ ಕಲ್ಲಿಗೆ ಎರಡು ಹಕ್ಕಿ ಹೊಡೆಯುವ ಆಸೆ. ಆಟಗಾರರು ಸಿಡಿದೆದ್ದರು, ಅದರಲ್ಲೂ ನ್ಯಾಯವಾಗಿ ಕಾದಾಡಿ ಸಾಯುತ್ತಿದ್ದವರು.

ಅಷ್ಟು ಏರಿಸಿದರೂ ಗೋಲ್ಡಿನ ಬೆಲೆ ಉಳಿಯಲಿಲ್ಲ. ಮರುವರ್ಷ ಮೇ ತಿಂಗಳ 1.0.8 ಪ್ಯಾಚ್‌ನಲ್ಲಿ ಒಂದು ದೋಷ ನುಸುಳಿತು. ಹರಾಜು ಕಟ್ಟೆಯಲ್ಲಿ ಮಾರಾಟಕ್ಕಿಟ್ಟ ಗೋಲ್ಡನ್ನು ರದ್ದು ಮಾಡಿದರೆ ಇಟ್ಟದ್ದಕ್ಕಿಂತ ಹೆಚ್ಚು ವಾಪಸ್ ಬರುತ್ತಿತ್ತು. ಗೊತ್ತಾದವರು ಬಿಟ್ಟಾರೆಯೇ? ಕಂಪನಿ ಕಟ್ಟೆಯನ್ನು ಮುಚ್ಚಿ ಸರಿಪಡಿಸಬೇಕಾಯಿತು. ಏರಿಯೇ ಒಡೆದ ದಿನ ತೂಬಿನ ಅಳತೆ ಯಾರು ನೋಡುತ್ತಾರೆ? 2014ರ ಮಾರ್ಚ್ 18ರಂದು ಆ ಹರಾಜು ಕಟ್ಟೆಯನ್ನೇ ಶಾಶ್ವತವಾಗಿ ಮುಚ್ಚಿದರು.

ತೂಬು ಅಗಲವಾದರೆ ಏನಾಗುತ್ತದೆ ಅನ್ನುವ ಭಯ ಕಂಡದ್ದು 2021ರಲ್ಲಿ ಅಮೆಜಾನ್ ಬಿಟ್ಟ ನ್ಯೂ ವರ್ಲ್ಡ್‌ನಲ್ಲಿ. ಅಲ್ಲಿ ರಿಪೇರಿಗೆ ನಾಣ್ಯವೂ ಬೇಕಿತ್ತು, ಬೇಡದ ಗೇರನ್ನು ಒಡೆದು ಪಡೆದ ಬಿಡಿಭಾಗಗಳೂ ಬೇಕಿದ್ದವು. ಮೇಲೆ ಮನೆಯ ತೆರಿಗೆ, ವ್ಯಾಪಾರದ ತೆರಿಗೆ. ಕಥೆಯ ಕೆಲಸಗಳು ಇರುವ ತನಕ ನಾಣ್ಯ ಬರುತ್ತಿತ್ತು, ಅವು ಮುಗಿದ ಮೇಲೆ ಬರವು ಕಡಿಮೆ, ಖರ್ಚು ಹಾಗೇ. ಕೆಲವರು ನಾಣ್ಯ ಮುಟ್ಟದೆ ವಸ್ತುವಿಗೆ ವಸ್ತು ಕೊಟ್ಟು ವ್ಯಾಪಾರ ಮಾಡಲು ಶುರುಮಾಡಿದರು. ಒಟ್ಟಾರೆ ನಾಣ್ಯ ಹೆಚ್ಚುತ್ತಲೇ ಇದೆ ಅಂತ ಕಂಪನಿ ಹೇಳಿತು. ಅದೂ ಸುಳ್ಳಾಗಬೇಕಿಲ್ಲ. ಭದ್ರಾ ನಾಲೆಯಲ್ಲಿ ನೀರು ಬಿಟ್ಟಿದ್ದೇವೆ ಅಂತ ಲೆಕ್ಕ ಇರುತ್ತದೆ, ಕೊನೆಭಾಗದ ಗದ್ದೆಯವನು ಒಣ ಬದುವಿನ ಮೇಲೆ ನಿಂತಿರುತ್ತಾನೆ. ಸರಾಸರಿ ಅಂಕಿ ಇಬ್ಬರನ್ನೂ ಒಂದೇ ಸಾಲಿಗೆ ಸೇರಿಸುತ್ತದೆ.

ದುಡ್ಡಿನ ಜೊತೆ ವಸ್ತುವೂ ಹೋಗಬೇಕೆ?

ಇಲ್ಲಿಯ ತನಕ ಹೇಳಿದ್ದು ಹಣದ ಮಾತು. ವಸ್ತುವಿನದ್ದು ಬೇರೆಯೇ ತಲೆನೋವು, ನನಗೆ ಹೆಚ್ಚು ರುಚಿಸುವುದೂ ಇದೇ.

ಕತ್ತಿ ಎಂದೂ ಹಾಳಾಗದಿದ್ದರೆ ಕತ್ತಿ ಮಾಡುವ ಆಟಗಾರನ ಗತಿ ಏನು? ಮೊದಲ ತಿಂಗಳು ಅವನಿಗೆ ಭರ್ಜರಿ ವ್ಯಾಪಾರ. ಎಲ್ಲರ ಕೈಗೂ ಒಂದೊಂದು ಕತ್ತಿ ಬಂದ ಮೇಲೆ ಅವನ ಕುಲುಮೆಯಲ್ಲಿ ಬೂದಿ ಮಾತ್ರ. ಹಳೆಯದನ್ನು ಹೊಸಬರಿಗೆ ಮಾರುವವರೂ ಸೇರಿಕೊಂಡರೆ ಬೆಲೆ ನೆಲಕ್ಕೆ. ಅದಕ್ಕೇ ಕೆಲವು ಆಟಗಳು ರಿಪೇರಿಯಲ್ಲಿ ಒಂದು ಕೊಕ್ಕೆ ಇಟ್ಟವು. ಅಲ್ಟಿಮಾ ಆನ್‌ಲೈನ್‌ನಲ್ಲಿ ರಿಪೇರಿ ಮಾಡುವವನು ಗೊಂಬೆಯಲ್ಲ, ಇನ್ನೊಬ್ಬ ಆಟಗಾರ. ಅವನಿಗೆ ಕೊಟ್ಟ ಕೂಲಿ ಆಟದಲ್ಲೇ ತಿರುಗುತ್ತದೆ, ಹಾಗಾಗಿ ಅದು ಹಣದ ತೂಬಲ್ಲ. ಆದರೆ ರಿಪೇರಿಯ ನೆಪದಲ್ಲಿ ಗೇರಿನ ಗರಿಷ್ಠ ಬಾಳಿಕೆಯೇ ಒಂದಿಷ್ಟು ಕುಗ್ಗಬಹುದಿತ್ತು. ಹೀಗೆ ಕುಗ್ಗಿ ಕುಗ್ಗಿ ಒಂದು ದಿನ ಅದು ಕೆಲಸಕ್ಕೆ ಬಾರದಂತಾಗುತ್ತದೆ, ಕಮ್ಮಾರನಿಗೆ ಹೊಸ ಗಿರಾಕಿ ಸಿಗುತ್ತಾನೆ. ಅಂದರೆ ಇಲ್ಲಿ ಕರಗುವುದು ವಸ್ತು, ಉಳಿಯುವುದು ದುಡ್ಡು. ವಾರ್‌ಕ್ರಾಫ್ಟ್‌ನಲ್ಲಿ ಇದು ತಲೆಕೆಳಗು: ಗೇರ್ ಚಿರಂಜೀವಿ, ದುಡ್ಡು ಕರಗುತ್ತದೆ. ಅಲ್ಲಿ ಹಳೆಯ ಗೇರ್ ಸಂತೆಗೆ ಬಾರದಂತೆ ತಡೆಯಲು ಬೇರೆ ಬೀಗ ಇದೆ. ಒಳ್ಳೆಯ ಗೇರ್ ತೊಟ್ಟವನಿಗೇ ಅಂಟಿಕೊಳ್ಳುತ್ತದೆ, ಮಾರುವ ಹಾಗಿಲ್ಲ.

2000ದಲ್ಲಿ ಬಂದ ಡಯಾಬ್ಲೊ 2ರ ‘ಇಥೀರಿಯಲ್’ ಗೇರ್ ಇದೇ ಚಿಂತನೆಯ ತುಂಟ ರೂಪ. ಸಾಮಾನ್ಯ ಗೇರಿಗಿಂತ ಶೇ. 50 ಹೆಚ್ಚು ಬಲ, ಬಾಳಿಕೆ ಅರ್ಧ, ರಿಪೇರಿ ಮಾಡಿಸುವ ಹಾಗೇ ಇಲ್ಲ. ತೊಟ್ಟು ಸವೆಸಿದರೆ ಮುಗಿಯಿತು. ಮುಂದಿನ ವರ್ಷ ಆಟದ ವಿಸ್ತರಣೆ ಬಂದು, ಜೊತೆಗಿರುವ ಕೂಲಿ ಸೈನಿಕನಿಗೂ ಗೇರ್ ತೊಡಿಸುವ ಅವಕಾಶ ಸಿಕ್ಕಿತು. ಕೂಲಿ ಸೈನಿಕನ ಮೈಮೇಲಿನ ಗೇರ್ ಸವೆಯುವುದಿಲ್ಲ! ಆಟಗಾರರು ಮಾಡಿದ್ದೇನು ಅಂತ ಹೇಳಬೇಕಿಲ್ಲ. ಬಲವಾದ ಇಥೀರಿಯಲ್ ಕವಚವೆಲ್ಲ ಯಜಮಾನನ ಬದಲು ಕೂಲಿಯವನ ಮೈಗೆ ಹೋಯಿತು. ತಾನೇ ತೊಡಬೇಕು ಅನ್ನುವವರು ‘ಜೋಡ್’ ಅನ್ನುವ ಅತಿ ಅಪರೂಪದ ಅಕ್ಷರಕಲ್ಲನ್ನು ಹುದುಗಿಸಿ ಅದನ್ನು ಅವಿನಾಶಿ ಮಾಡಿಕೊಳ್ಳುತ್ತಿದ್ದರು. ತೆರಿಗೆ ಇದ್ದ ಕಡೆ ಸಂದು ಹುಡುಕುವವರು ಇದ್ದೇ ಇರುತ್ತಾರೆ.

ಗಂಟೆಯ ಲೆಕ್ಕದಲ್ಲಿ ಅಚ್ಚುಕಟ್ಟಾಗಿ ನಡೆಯುವುದು ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನ ‘ಬ್ಯಾರೋಸ್’ ಸೆಟ್. ಮೊಬೈಲಿನಲ್ಲೂ ಆಡಬಹುದಾದ ಆಟ, ಹಾಗಾಗಿ ಗೇಮಿಂಗ್ ಕಂಪ್ಯೂಟರ್ ಇಲ್ಲದ ನಮ್ಮ ಹುಡುಗರಿಗೂ ಎಟುಕುತ್ತದೆ. ಇಲ್ಲಿ ಸಾವಿಗೆ ಕಾಯಬೇಕಿಲ್ಲ, ಹೊಡೆದಾಟದಲ್ಲಿ ಕಳೆದ ಸಮಯವೇ ಸವೆತ. 15 ಗಂಟೆ ಕಾದಾಡಿದರೆ ಸೆಟ್ ಪೂರ್ತಿ ಹಾಳು. ಲಂಬ್ರಿಡ್ಜ್ ಊರಿನ ಬಾಬ್ ಹತ್ತಿರ ಒಯ್ದರೆ ಹೆಲ್ಮೆಟ್ಟಿಗೆ 60,000, ಎದೆಕವಚಕ್ಕೆ 90,000, ಕಾಲುಕವಚಕ್ಕೆ 80,000, ಆಯುಧಕ್ಕೆ 1,00,000 ನಾಣ್ಯ. ಒಟ್ಟು 3,30,000. ಹದಿನೈದರಿಂದ ಭಾಗಿಸಿ: ಗಂಟೆಗೆ 22,000 ನಾಣ್ಯ. ಈ ಒಂದು ಸಂಖ್ಯೆ ಕೈಯಲ್ಲಿದ್ದರೆ ಉಳಿದದ್ದು ಸಲೀಸು. ಗಂಟೆಗೆ 22,000ಕ್ಕಿಂತ ಹೆಚ್ಚು ದುಡಿಸಿಕೊಡುವ ಬೇಟೆಗೆ ಬ್ಯಾರೋಸ್ ತೊಡಿ, ಇಲ್ಲದಿದ್ದರೆ ಸಾದಾ ಕವಚ ಸಾಕು. ಸ್ವಂತ ಮನೆಯಲ್ಲಿ ಕವಚದ ಸ್ಟ್ಯಾಂಡ್ ಇಟ್ಟುಕೊಂಡು ಅಲ್ಲೇ ಸರಿಪಡಿಸಿದರೆ ಕಮ್ಮಾರಿಕೆಯ ಪ್ರತಿ ಮಟ್ಟಕ್ಕೆ ಅರ್ಧ ಪರ್ಸೆಂಟ್ ರಿಯಾಯಿತಿ. 99ನೇ ಮಟ್ಟ ಮುಟ್ಟಿದವನಿಗೆ ಶೇ. 49.5 ಉಳಿತಾಯ, ಅಂದರೆ ಗಂಟೆಗೆ ಬೀಳುವ ಖರ್ಚು 11,110 ನಾಣ್ಯ. ಕಸುಬು ಕಲಿತವನಿಗೆ ತೆರಿಗೆ ಅರ್ಧ. ಇದು ನನಗೆ ಬಹಳ ಹಿಡಿಸಿದ ನಿಯಮ, ಯಾಕೆಂದರೆ ಕಟ್ಟುವವನಿಗೆ ತಪ್ಪಿಸಿಕೊಳ್ಳುವ ದಾರಿಯೂ ಇದೆ, ಆ ದಾರಿ ದುಡಿಮೆಯದ್ದು. ಅರ್ಧ ಸವೆದ ಸೆಟ್ಟನ್ನು ಸಂತೆಯಲ್ಲಿ ಮಾರುವ ಹಾಗಿಲ್ಲ ಅನ್ನುವುದೂ ನೆನಪಿರಲಿ. ಮೊದಲು ರಿಪೇರಿ, ಆಮೇಲೆ ಮಾರಾಟ.

ಎಲ್ಲದಕ್ಕಿಂತ ನಿಷ್ಠುರ ಅಂದರೆ 2003ರ ಈವ್ ಆನ್‌ಲೈನ್. ನೌಕೆ ಸಿಡಿಯಿತೋ ಹೋಯಿತು, ಹಿಂದೆ ಬರುವುದಿಲ್ಲ. 2014ರ ಜನವರಿ 27-28ರಂದು ಬಿ-ಆರ್5ಆರ್‌ಬಿ ಅನ್ನುವ ನಕ್ಷತ್ರಮಂಡಲದಲ್ಲಿ ನಡೆದ ಒಂದೇ ಯುದ್ಧದಲ್ಲಿ ಟೈಟನ್ ಅನ್ನುವ ದೈತ್ಯ ನೌಕೆಗಳೇ 75 ನಾಶವಾದವು. ಅಲ್ಲಿನ ಹಣಕ್ಕೆ ಕೊಂಡುಕೊಳ್ಳುವ ಡಾಲರ್ ದರ ಕಟ್ಟಿದರೆ ನಷ್ಟ 3 ಲಕ್ಷ ಡಾಲರ್ ದಾಟಿತ್ತು. ನೌಕೆಗೆ ವಿಮೆ ಉಂಟು. ಸ್ವಾರಸ್ಯ ಏನೆಂದರೆ, ವಿಮೆಯ ಹಣ ಕೊಡುವುದು ಆಟದ ಯಂತ್ರ, ಅದು ಹೊಸದಾಗಿ ಹುಟ್ಟಿದ ಹಣ. ಹೀಗಾಗಿ ಯುದ್ಧ ನಡೆದಾಗ ವಸ್ತು ಕರಗುತ್ತದೆ, ಹಣ ಹೆಚ್ಚುತ್ತದೆ! ಇಂಥ ಗಂಟು ಬಿಡಿಸಲು ಆ ಕಂಪನಿ 2007ರಲ್ಲಿ ಐಸ್‌ಲ್ಯಾಂಡಿನ ಎಯೊಲ್ಫುರ್ ಗುಡ್ಮುಂಡ್ಸನ್ ಅನ್ನುವ ಅರ್ಥಶಾಸ್ತ್ರಜ್ಞರನ್ನೇ ನೌಕರಿಗೆ ಇಟ್ಟುಕೊಂಡಿತ್ತು. ಅರ್ಥಶಾಸ್ತ್ರ ಓದಿ ಏನು ಮಾಡುತ್ತೀಯಾ ಅಂತ ಕೇಳುವ ಅಪ್ಪಂದಿರಿಗೆ ಇದನ್ನು ಹೇಳಿ ನೋಡಿದ್ದೇನೆ, ನಂಬುವುದಿಲ್ಲ.

ಯಾರ ತಲೆಗೆ?

ಸಾವಿನ ಮೇಲೆ ಹಾಕುವ ತೆರಿಗೆ ಹೆಚ್ಚು ಸಾಯುವವನ ಮೇಲೆ ಬೀಳುತ್ತದೆ. ಹೆಚ್ಚು ಸಾಯುವವನು ಹೊಸಬ. ಅವನ ಜೇಬಿನಲ್ಲಿ ಇರುವುದೂ ಕಡಿಮೆ. ಹಳೆ ಹುಲಿಗೆ ರಿಪೇರಿ ದರ ದೊಡ್ಡದಾದರೂ ಅವನ ಗಂಟಿನ ಮುಂದೆ ಅದು ಚಿಲ್ಲರೆ. ಇನ್ನು ತಂಡದೊಳಗೇ ನೋಡಿದರೆ, ಎದೆಗೊಟ್ಟು ಬಾಸ್‌ನ ಪೆಟ್ಟು ತಿನ್ನುವ ‘ಟ್ಯಾಂಕ್’ ತೊಡುವುದು ಅತಿ ದುಬಾರಿ ರಿಪೇರಿಯ ತಗಡು ಕವಚ. ಹಿಂದೆ ನಿಂತು ಬಾಣ ಬಿಡುವವನು ತಪ್ಪು ಮಾಡಿ ತಂಡ ಸತ್ತರೂ ಟ್ಯಾಂಕ್‌ನ ಬಿಲ್ಲೇ ದೊಡ್ಡದು. ಅದಕ್ಕೇ ಒಳ್ಳೆಯ ಗಿಲ್ಡ್‌ಗಳು, ಅಂದರೆ ಆಟಗಾರರ ಸಂಘಗಳು, ರೇಡ್ ದಿನದ ರಿಪೇರಿಯನ್ನು ಗಿಲ್ಡ್ ಬ್ಯಾಂಕಿನಿಂದ ಕೊಡುತ್ತವೆ. ಕೊಡದ ಗಿಲ್ಡಿನಲ್ಲಿ ಐದಾರು ಸಲ ಸತ್ತ ಮೇಲೆ ಮೊದಲು “ಊಟಕ್ಕೆ ಕರೀತಾರೆ, ಹೋಗ್ತೀನಿ” ಅನ್ನುವವನು ಟ್ಯಾಂಕೇ.

ಕಳೆದುಕೊಂಡ ನೋವು ಅಷ್ಟೇ ಮೊತ್ತ ಗಳಿಸಿದ ಖುಷಿಗಿಂತ ಹೆಚ್ಚು ಚುಚ್ಚುತ್ತದೆ ಅಂತ ಮನಶ್ಶಾಸ್ತ್ರಜ್ಞರಾದ ಕಾನ್ಮನ್ ಮತ್ತು ಟ್ವೆರ್‌ಸ್ಕಿ 1979ರಲ್ಲೇ ವಿವರಿಸಿದ್ದರು. ವಾರ್‌ಕ್ರಾಫ್ಟ್ ತಯಾರಕರಿಗೆ ಇದರ ಅನುಭವ ಆಟ ಬಿಡುಗಡೆಗೂ ಮುಂಚೆ ಆಗಿತ್ತು. ಬಹಳ ಹೊತ್ತು ಆಡಿದರೆ ಸಿಗುವ ಅನುಭವಾಂಕ ಅರ್ಧಕ್ಕೆ ಇಳಿಯುವ ನಿಯಮ ಇಟ್ಟಿದ್ದರು, ಪರೀಕ್ಷಿಸಿದವರು ಬೈದರು. ಅಂಕಿ ತಿರುಗಿಸಿ, ವಿಶ್ರಾಂತಿ ಪಡೆದು ಬಂದವನಿಗೆ ಎರಡು ಪಟ್ಟು, ಆಮೇಲೆ ಮಾಮೂಲಿ ಅಂದರು. ಲೆಕ್ಕ ಅದೇ, ಬೈಗುಳ ನಿಂತಿತು. ರಿಪೇರಿಯನ್ನು ಮಾತ್ರ ಯಾಕೋ ಹಾಗೆ ತಿರುಗಿಸಲಿಲ್ಲ.

ಫೈನಲ್ ಫ್ಯಾಂಟಸಿ 14 ಸ್ವಲ್ಪ ಮಟ್ಟಿಗೆ ತಿರುಗಿಸಿತು. ಅಲ್ಲಿ ಅಂಗಡಿಯವನು ನಿಮ್ಮ ಗೇರನ್ನು ಶೇ. 100ರ ತನಕ ಮಾತ್ರ ಸರಿಮಾಡುತ್ತಾನೆ. ಕಸುಬು ಕಲಿತ ಆಟಗಾರ ‘ಡಾರ್ಕ್ ಮ್ಯಾಟರ್’ ಅನ್ನುವ ರಿಪೇರಿ ಸಾಮಾನು ಬಳಸಿ ಮಾಡಿದರೆ ಶೇ. 199ರ ತನಕ ಏರುತ್ತದೆ. ಸವೆತ ಇದ್ದೇ ಇದೆ, ಆದರೆ ಕಲಿತವನಿಗೆ ಅದು ದಂಡ ಅನ್ನಿಸುವುದಿಲ್ಲ, ಕೈಚಳಕದ ಲಾಭ ಅನ್ನಿಸುತ್ತದೆ.

ಗಿಲ್ಡ್ ವಾರ್ಸ್ 2 ಇನ್ನೂ ಧೈರ್ಯ ಮಾಡಿತು. 2012ರಲ್ಲಿ ಶುರುವಾದಾಗ ಅಲ್ಲೂ ಸತ್ತರೆ ಕವಚಕ್ಕೆ ಪೆಟ್ಟು, ರಿಪೇರಿಗೆ ದುಡ್ಡು. 2014ರ ಏಪ್ರಿಲ್‌ನಲ್ಲಿ ದರವನ್ನೇ ಕಿತ್ತುಹಾಕಿದರು. ಕವಚ ಈಗಲೂ ಮುರಿಯುತ್ತದೆ, ಸರಿಮಾಡಿಸುವುದು ಪುಕ್ಕಟೆ. ಹಾಗಾದರೆ ತೂಬು? ಅದು ಸಂತೆಯಲ್ಲಿದೆ. ಅಲ್ಲಿನ ವ್ಯಾಪಾರ ಕಟ್ಟೆ ವಸ್ತು ಇಡಲು ಶೇ. 5, ಮಾರಿದಾಗ ಶೇ. 10 ಹಿಡಿಯುತ್ತದೆ. ನೂರು ಗೋಲ್ಡಿಗೆ ಮಾರಿದವನ ಕೈಗೆ ಬರುವುದು 85. ದೊಡ್ಡ ವ್ಯಾಪಾರಿಗೆ ದೊಡ್ಡ ಕಡಿತ, ದಿನಾ ಸಾಯುವ ಬಡ ಹೊಸಬನಿಗೆ ಬಹುಪಾಲು ಮಾಫಿ. ತೆರಿಗೆ ಪಾಠ ಮಾಡುವವನಾಗಿ ನನ್ನ ಮತ ಇದಕ್ಕೇ. ವಾರ್‌ಕ್ರಾಫ್ಟ್ ಕೂಡ ಶ್ರೀಮಂತರಿಗೆ ಬೇರೆ ಬಲೆ ಬೀಸಿತು: 2008ರಲ್ಲಿ ಬೆನ್ನ ಮೇಲೆ ರಿಪೇರಿಯವನನ್ನೇ ಹೊತ್ತು ತಿರುಗುವ ಆನೆ, ಬೆಲೆ 20,000 ಗೋಲ್ಡ್, 2018ರಲ್ಲಿ ಹರಾಜುಗಾರನನ್ನು ಹೊತ್ತ ಡೈನೋಸಾರ್, ಬೆಲೆ 50 ಲಕ್ಷ ಗೋಲ್ಡ್. ಬೇಕಾದವನು ಕೊಳ್ಳಲಿ, ಬೇಡದವನಿಗೆ ಬಲವಂತ ಇಲ್ಲ.

ಅದೇ ಡೈನೋಸಾರಿನ ಚಿನ್ನದ ಲೇಪದ ತಮ್ಮನನ್ನು 2024ರಲ್ಲಿ ಮಾರಿದ್ದು ಗೋಲ್ಡಿಗಲ್ಲ, 90 ಡಾಲರಿಗೆ. ಇಲ್ಲಿಂದ ವಿಷಯ ಬೇರೆಯಾಗುತ್ತದೆ. ಬ್ಲ್ಯಾಕ್ ಡೆಸರ್ಟ್ ಆಟದಲ್ಲಿ ಗೇರನ್ನು ಬಲಪಡಿಸಲು ಪ್ರಯತ್ನಿಸಿ ವಿಫಲವಾದರೆ ಅದರ ಗರಿಷ್ಠ ಬಾಳಿಕೆ ಇಳಿಯುತ್ತದೆ. ಅದನ್ನು ಮರಳಿ ಏರಿಸಲು ‘ಮೆಮೊರಿ ಫ್ರ್ಯಾಗ್ಮೆಂಟ್’ ಬೇಕು, ಒಳ್ಳೆಯ ಗೇರಿಗೆ ಒಂದಕ್ಕೆ ಒಂದೇ ಅಂಕ ಏರುತ್ತದೆ. ಒಂದಕ್ಕೆ ಐದು ಏರಬೇಕಾದರೆ ‘ಆರ್ಟಿಸನ್ಸ್ ಮೆಮೊರಿ’ ಬೇಕು, ಅದು ನಿಜದ ದುಡ್ಡಿನ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲಿ ಸವೆತವೂ ಅವರದೇ, ಮುಲಾಮಿನ ಅಂಗಡಿಯೂ ಅವರದೇ. ಇಂಥ ಕಡೆ ರಿಪೇರಿ ದರ ಆಟದ ಹಣದುಬ್ಬರ ತಡೆಯಲು ಇದೆ ಅನ್ನುವ ವಾದಕ್ಕೆ ನಾನು ತಲೆಯಾಡಿಸುವುದಿಲ್ಲ. ಅಪ್ಪನ ಯುಪಿಐಗೆ ಕೈ ಹಾಕುವ ಮುಂಚೆ ಹುಡುಗರು ನೋಡಬೇಕಾದ್ದು ಒಂದೇ, ರಿಪೇರಿಯ ಸಾಮಾನು ಆಟ ಆಡಿ ಸಿಗುತ್ತದೋ, ಕಾರ್ಡ್ ಉಜ್ಜಿದರೆ ಬೇಗ ಸಿಗುತ್ತದೋ.

ಇನ್ನು ಖರ್ಚು ಇಳಿಸುವ ದಾರಿ. ವಾರ್‌ಕ್ರಾಫ್ಟ್‌ನಲ್ಲಿ ಹೆಸರು ಗಳಿಸಿದ ಊರಿನಲ್ಲೇ ರಿಪೇರಿ ಮಾಡಿಸಿ, ಅಲ್ಲಿ ರಿಯಾಯಿತಿ ಸಿಗುತ್ತದೆ. ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನಲ್ಲಿ ಆಯುಧಕ್ಕೆ ರಿಪೇರಿಯೇ ಇಲ್ಲ, ಕವಚಕ್ಕೆ ಮಾತ್ರ ಇದೆ, ಅದಕ್ಕೆ ರಿಪೇರಿ ಕಿಟ್ ಚೀಲದಲ್ಲಿರಲಿ. ಸಾಯುವುದು ಖಚಿತ ಅಂತ ಗೊತ್ತಿರುವ ಕೆಲಸಕ್ಕೆ ಹೋಗುವಾಗ, ಉದಾಹರಣೆಗೆ ಮೇಲ್ಮಟ್ಟದ ಊರಿನ ನಡುವೆ ಓಡಿ ಆಚೆ ದಾಟುವಾಗ, ವಾರ್‌ಕ್ರಾಫ್ಟ್‌ನ ಹಳೆ ಕೈಗಳು ಗೇರ್ ಎಲ್ಲ ಕಳಚಿ ಚೀಲಕ್ಕೆ ತುಂಬಿ ಬರೀ ಚಡ್ಡಿಯಲ್ಲಿ ಓಡುತ್ತಾರೆ. ಮೈಮೇಲೆ ಇಲ್ಲದ್ದಕ್ಕೆ ಆ ಶೇ. 10 ಬೀಳುವುದಿಲ್ಲ. ಆದರೆ ಸತ್ತ ಮೇಲೆ ಸ್ಪಿರಿಟ್ ಹೀಲರ್ ಹತ್ತಿರ ಎದ್ದರೆ ಚೀಲದಲ್ಲಿ ಇದ್ದದ್ದಕ್ಕೂ ಶೇ. 25 ಕತ್ತರಿ, ಹಾಗಾಗಿ ಚಡ್ಡಿಯಲ್ಲಿ ಹೋದವರು ಹೆಣದ ತನಕ ಓಡಿಯೇ ಬರಬೇಕು.